10 ವರ್ಷದ ಕೈಗೆ 95% ಕಾರ್ಬನ್: ‘ಪ್ರೊ’ ಹಾಕಿ ಸ್ಟಿಕ್ ವಿಮರ್ಶೆ

ಬೇಸಿಗೆ ಶಿಬಿರ ಶುರುವಾಗುವ ಹೊತ್ತಿಗೆ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಕಾಣುವ ನೋಟ ಇದು. ಮಗು ಕೌಂಟರ್ ಪಕ್ಕ ಸುಮ್ಮನೆ ನಿಂತಿರುತ್ತದೆ. ಅಪ್ಪ ಗೋಡೆಯ ಮೇಲಿನ ಸಾಲಿಗೆ ಕೈ ತೋರಿಸಿ ‘ಅದನ್ನ ಇಳಿಸಿ’ ಎನ್ನುತ್ತಾರೆ. ‘ಇಂಡಿಯಾ ಪ್ಲೇಯರ್ಸ್ ಹಿಡಿಯೋದು ಇಂಥದ್ದೇ ಸಾರ್’ ಎನ್ನುತ್ತಾನೆ ಅಂಗಡಿಯವನು. ಅವನು ಹೇಳಿದ್ದು ಸುಳ್ಳಲ್ಲ. ಹಾಗಾಗಿಯೇ ಆ ಸ್ಟಿಕ್ ಈ ಮಗುವಿಗಲ್ಲ.

ಇಲ್ಲಿ ನೋಡುತ್ತಿರುವುದು ಒಂದು ಬ್ರ್ಯಾಂಡನ್ನಲ್ಲ, ಒಂದು ದರ್ಜೆಯನ್ನು: 90ರಿಂದ 95% ಕಾರ್ಬನ್, 36.5 ಇಂಚು ಉದ್ದ, ಲೋ ಬೋ (ಬಾಗು ಕೆಳತುದಿಗೆ ಹತ್ತಿರ), ಬೆಲೆ ಸುಮಾರು ₹12,000ದಿಂದ ಮೇಲಕ್ಕೆ. ಕಾರ್ಬನ್ ಬಿಟ್ಟು ಉಳಿದ ಪಾಲು ಗ್ಲಾಸ್ ಫೈಬರ್ ಮತ್ತು ಅರಾಮಿಡ್ ಎಂಬ ಕೃತಕ ನಾರು. ಅರಾಮಿಡ್‌ನ ಕೆಲಸ ನಡುಕವನ್ನು ಹೀರಿಕೊಳ್ಳುವುದು. ಕಾರ್ಬನ್ ಹೆಚ್ಚಿದಷ್ಟೂ ಸ್ಟಿಕ್ ಬಾಗುವುದು ಕಡಿಮೆ, ಹೊಡೆತದ ಬಲ ಸೋರದೆ ಚೆಂಡಿಗೆ ಹೋಗುತ್ತದೆ. ಪೂರ್ತಿ ಬೆಳೆದ, ವಾರಕ್ಕೆ ಐದು ದಿನ ಟರ್ಫ್ ಮೇಲೆ ಆಡುವ ಆಟಗಾರನಿಗೆ ಇದು ಕೊಟ್ಟ ಕಾಸಿಗೆ ಮೋಸವಿಲ್ಲದ ಸಾಮಾನು.

10–12 ವರ್ಷದವರ ಕೈಯಲ್ಲಿ ಮೊದಲು ಕೆಡುವುದು ಟ್ರ್ಯಾಪ್, ಅಂದರೆ ಬರುವ ಚೆಂಡನ್ನು ಸ್ಟಿಕ್ಕಿನಿಂದ ತಡೆದು ನಿಲ್ಲಿಸುವುದು. ಚೆಂಡಿನ ತೂಕ 156ರಿಂದ 163 ಗ್ರಾಂ. ಗಡುಸು ಸ್ಟಿಕ್ಕಿಗೆ ಬಡಿದರೆ ಪುಟಿಯುತ್ತದೆ. ಪಳಗಿದ ಆಟಗಾರ ಕೆಳಗಿನ ಕೈಯನ್ನು ಸಡಿಲ ಬಿಟ್ಟು, ಚೆಂಡು ಬಂದು ತಾಗುವ ಗಳಿಗೆಗೆ ಸ್ಟಿಕ್ಕನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡು ಆ ಪುಟಿತವನ್ನು ಕೊಲ್ಲುತ್ತಾನೆ. ಮಗುವಿಗೆ ಆ ಸಡಿಲ ಇನ್ನೂ ಬಂದಿರುವುದಿಲ್ಲ. ಅಷ್ಟರಲ್ಲಿ ಬೇಲಿಯಾಚೆಯಿಂದ ‘ಹಿಡಿಯೋ! ಹಿಡಿಯೋ!’ ಎಂಬ ಅಪ್ಪನ ಕೂಗು. ಕೂಗು ಕಿವಿಗೆ ಬಿದ್ದ ಕೂಡಲೇ ಭುಜ ಮೇಲೇರುತ್ತದೆ, ಹತ್ತೂ ಬೆರಳು ಗ್ರಿಪ್ಪನ್ನು ಹಿಂಡುತ್ತವೆ. ಕೋಲೂ ಗಡುಸು, ಕೈಯೂ ಗಡುಸು, ಚೆಂಡು ಎರಡಡಿ ಆಚೆ. ತಪ್ಪಿದ ಮಗು ಮೊದಲು ನೋಡುವುದು ಚೆಂಡನ್ನಲ್ಲ, ಕೋಚನ್ನೂ ಅಲ್ಲ, ಬೇಲಿಯ ಕಡೆಗೆ. ಆ ಒಂದು ಸೆಕೆಂಡಿನಲ್ಲಿ ಎದುರಾಳಿ ಚೆಂಡು ತೆಗೆದುಕೊಂಡು ಹೋಗಿರುತ್ತಾನೆ. ₹15,000 ಕೊಟ್ಟವರಿಗೆ ಅದು ಇನ್ನೂ ಉರಿಯುತ್ತದೆ, ಮುಂದಿನ ಕೂಗು ಇನ್ನೂ ಜೋರಾಗುತ್ತದೆ.

ಎರಡನೆಯದು ಉದ್ದ. ಯೂನಿಫಾರ್ಮ್ ಹೊಲಿಸುವಾಗ ಎರಡು ಇಂಚು ಮಡಿಸಿ ಹೊಲಿಸುವ ಅಭ್ಯಾಸ ನಮಗೆ ಸ್ಟಿಕ್ ಕೊಳ್ಳುವಾಗಲೂ ಬಿಡುವುದಿಲ್ಲ: ‘ಬೆಳೆಯೋ ಹುಡುಗ, ದೊಡ್ಡದೇ ಇರಲಿ.’ 36.5 ಇಂಚು ವಯಸ್ಕರ ಅಳತೆ. ಮಗುವನ್ನು ಆಡುವ ಶೂ ಹಾಕಿಸಿ ನಿಲ್ಲಿಸಿ, ಸ್ಟಿಕ್ಕನ್ನು ಪಕ್ಕದಲ್ಲಿ ನೇರ ನಿಲ್ಲಿಸಿದರೆ ತುದಿ ಸೊಂಟದ ಮೂಳೆಯ ಮಟ್ಟಕ್ಕೆ ಬರಬೇಕು. ಸುಮಾರಾಗಿ 4 ಅಡಿ 6 ಇಂಚಿನ ಮಗುವಿಗೆ 33 ಇಂಚು, 5 ಅಡಿಯವರಿಗೆ 35. 5 ಅಡಿ 4 ಇಂಚು ದಾಟಿದ ಮೇಲೆ 36.5ರ ಮಾತು. ಉದ್ದ ಹೆಚ್ಚಾದರೆ ಡ್ರಿಬಲ್ ಮಾಡುವಾಗ ಮೇಲ್ತುದಿ ಹೊಟ್ಟೆಗೆ ತಿವಿಯುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಮಗು ನಾಲ್ಕು ಬೆರಳು ಕೆಳಗೆ ಹಿಡಿಯುತ್ತದೆ, ಇಲ್ಲವೇ ಬೆನ್ನು ಬಗ್ಗಿಸದೆ ನೆಟ್ಟಗೆ ನಿಂತು ಆಡುತ್ತದೆ. ಈ ಎರಡನೆಯ ಚಾಳಿ ಬಿಡಿಸುವುದರಲ್ಲಿ ಕೋಚ್‌ಗಳಿಗೆ ಸಾಕುಬೇಕಾಗುತ್ತದೆ. ‘ಮೇಲಿಂದ ಕತ್ತರಿಸಿ ಕೊಡ್ತೀವಿ’ ಎನ್ನುವ ಅಂಗಡಿಯಿದ್ದರೆ ಒಪ್ಪಬೇಡಿ. ಹಿಡಿಯ ಕಡೆ ತೂಕ ಹೋಗಿ ತಲೆಯ (ಚೆಂಡಿಗೆ ತಾಗುವ ಕೆಳಗಿನ ಕೊಕ್ಕೆಯ) ಕಡೆ ಭಾರವಾಗುತ್ತದೆ, ರಿವರ್ಸ್‌ಗೆ (ಎಡಬದಿಯ ಚೆಂಡಿಗೆ ತಲೆಯನ್ನು ಮಗುಚಿ ಆಡಲು) ತಿರುಗಿಸಲು ಮಣಿಕಟ್ಟು ಒದ್ದಾಡುತ್ತದೆ.

ತೂಕದ ಬಗ್ಗೆ ಒಂದೇ ಮಾತು. ನಿಯಮದ ಗರಿಷ್ಠ 737 ಗ್ರಾಂ. ಮಕ್ಕಳಿಗೆ 500ರ ಆಸುಪಾಸು ಸಾಕು.

ಬೋ ಎಂದರೆ ಸ್ಟಿಕ್ಕಿನ ಬಾಗು. ನಿಯಮದ ಪ್ರಕಾರ ಅದು 25 ಮಿ.ಮೀ. ಮೀರಬಾರದು, ಅತಿ ಹೆಚ್ಚು ಬಾಗಿದ ಜಾಗ ತಲೆಯ ತಳದಿಂದ 200 ಮಿ.ಮೀ.ಗಿಂತ ಕೆಳಗಿರಬಾರದು. ಲೋ ಬೋ ಸ್ಟಿಕ್ಕುಗಳು ಆ 200ರ ಗೆರೆಯನ್ನೇ ತಬ್ಬಿಕೊಂಡಿರುತ್ತವೆ. ಅಗ್ಗದ ಮಾಲಿನಲ್ಲಿ ಈ ಅಳತೆ ತಪ್ಪಿರುವುದೂ ಉಂಟು. ಅಂಗಡಿಯಲ್ಲೇ ನೋಡಿಬಿಡಬಹುದು: ಚಪ್ಪಟೆ ಮುಖ ಕೆಳಗಾಗಿ ಸ್ಟಿಕ್ಕನ್ನು ಸಮತಟ್ಟಾದ ಗಾಜಿನ ಕೌಂಟರ್ ಮೇಲಿಡಿ. ₹10ರ ನಾಣ್ಯದ ಅಡ್ಡಳತೆ 27 ಮಿ.ಮೀ. ಅದನ್ನು ನೆಟ್ಟಗೆ ನಿಲ್ಲಿಸಿ ಬಾಗಿನ ಅಡಿಗೆ ಉರುಳಿಸಿ. ನುಸುಳಿತೋ, ಸ್ಟಿಕ್ ವಾಪಸ್ ಗೋಡೆಗೆ. ಅರ್ಧಕ್ಕೇ ಸಿಕ್ಕಿಕೊಂಡರೆ ಸ್ಕೇಲ್ ಹಿಡಿದು ಇನ್ನೊಮ್ಮೆ ಅಳೆಯಿರಿ, ಆ ಎರಡು ಮಿ.ಮೀ. ಅಂತರ ನಾಣ್ಯಕ್ಕೆ ತಿಳಿಯದು.

ಲೋ ಬೋ ಮಾಡಿರುವುದು ಮುಖ್ಯವಾಗಿ ಡ್ರ್ಯಾಗ್ ಫ್ಲಿಕ್‌ಗೆ, ಅಂದರೆ ಚೆಂಡನ್ನು ಸ್ಟಿಕ್ಕಿಗೆ ತಾಗಿಸಿಕೊಂಡೇ ಎಳೆದು ಗೋಲಿನತ್ತ ಚಿಮ್ಮಿಸುವುದಕ್ಕೆ. ಕೊಡಗಿನ ವಿ.ಆರ್. ರಘುನಾಥ್ ಪೆನಾಲ್ಟಿ ಕಾರ್ನರ್‌ನಲ್ಲಿ ಹೊಡೆದ ಗೋಲುಗಳನ್ನು ನೋಡಿದ ಅಪ್ಪಂದಿರಿಗೆ ಮಗನೂ ಅದನ್ನೇ ಮಾಡಬೇಕು. ಆಸೆ ತಪ್ಪಲ್ಲ, ವಯಸ್ಸು ತಪ್ಪು. ಫ್ಲಿಕ್ ಮಾಡುವವನು ಉದ್ದ ಹೆಜ್ಜೆ ಹಾಕಿ, ನೆಲಮಟ್ಟಕ್ಕೆ ಬಗ್ಗಿ, ಬಗ್ಗಿದಲ್ಲೇ ಸೊಂಟ ತಿರುಗಿಸುತ್ತಾನೆ, ಹೊರೆಯೆಲ್ಲ ಕೆಳಬೆನ್ನಿಗೆ. ಇನ್ನೂ ಬೆಳೆಯುತ್ತಿರುವ ಬೆನ್ನುಮೂಳೆಯ ಮೇಲೆ ಕ್ಲಾಸು ಮುಗಿದ ನಂತರ ‘ಇನ್ನೊಂದು ಐವತ್ತು ಹೊಡಿ’ ಎನ್ನುವುದು ಅಭ್ಯಾಸವಲ್ಲ, ಸಾಲ. ಇನ್ನು ಸಾದಾ ಹಿಟ್ ಕಲಿಯುವವರ ಕೈಯಲ್ಲಿ ಇದೇ ಬಾಗು ಚೆಂಡನ್ನು ನೆಲ ಬಿಟ್ಟು ಎಬ್ಬಿಸುತ್ತದೆ. ಮಕ್ಕಳ ಪಂದ್ಯದಲ್ಲಿ ಅದು ಎದುರಿನವರ ಮೊಣಕಾಲಿಗೆ ಅಪಾಯ, ಹೊಡೆದವರಿಗೆ ಫೌಲ್.

ಬಾಳಿಕೆಯಲ್ಲೂ ಈ ದರ್ಜೆಗೆ ನಮ್ಮ ಮೈದಾನ ಹೊಂದುವುದಿಲ್ಲ. ಶಾಲೆಯ ಮೈದಾನವೆಂದರೆ ಕೆಮ್ಮಣ್ಣು, ಜಲ್ಲಿ. ಕಾರ್ಬನ್‌ಗೆ ಎಳೆತ ತಡೆಯುವ ಶಕ್ತಿಯಿದೆ, ಅಂಚಿಗೆ ಬೀಳುವ ಪೆಟ್ಟು ತಡೆಯುವ ಗುಣ ಕಡಿಮೆ. ತಲೆಯ ಹೊರ ಅಂಚು ಮೊದಲು ಬಿಳಿಚುತ್ತದೆ, ಆಮೇಲೆ ಚಕ್ಕೆ ಏಳುತ್ತದೆ, ಆಮೇಲೆ ಎಳೆ ಹೊರಬರುತ್ತದೆ. ಎಳೆ ಕಂಡ ಸ್ಟಿಕ್ ಆಡಲು ಯೋಗ್ಯವಲ್ಲ, ಮೇಲ್ಮೈ ನುಣುಪಾಗಿರಬೇಕೆಂಬುದು ನಿಯಮ. ಒಳಗೆ ಪದರ ಬಿಟ್ಟಿದೆಯೇ ಎಂದು ತಿಳಿಯಲು ಒಂದು ನಾಣ್ಯದಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಣ್ ಟಣ್ ಎನ್ನುತ್ತಿದ್ದದ್ದು ಒಂದು ಕಡೆ ಮಂದವಾಗಿ ‘ಡಬ್’ ಎಂದರೆ ಅಲ್ಲಿ ಒಡೆದಿದೆ ಎಂದೇ ಲೆಕ್ಕ.

ಹಾಗಾದರೆ ಯಾವುದು? ಮೊದಲ ವರ್ಷಕ್ಕೆ ಮರದ ಸ್ಟಿಕ್ ಸಾಕು, ಸಾವಿರದ ಆಸುಪಾಸಿಗೆ ಸಿಗುತ್ತದೆ. ನಮ್ಮಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಕೊಡುವ ಹಿಪ್ಪುನೇರಳೆಯೇ ಹಾಕಿ ಸ್ಟಿಕ್ಕಿನ ಹಳೆಯ ಮರ ಎಂಬುದು ಅನೇಕರಿಗೆ ಗೊತ್ತಿಲ್ಲ. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡ, ನಮ್ಮ ಎಂ.ಎಂ. ಸೋಮಯ್ಯ ಇದ್ದ ತಂಡ, ಆಡಿದ್ದು ಮರದ ಸ್ಟಿಕ್ಕಿನಲ್ಲೇ. ಮರ ಮಳೆಗಾಲದಲ್ಲಿ ನೀರು ಕುಡಿದು ಭಾರವಾಗುತ್ತದೆ, ಅದೊಂದು ದೋಷ. ಮಗು ವರ್ಷ ದಾಟಿಯೂ ತಾನಾಗಿ ಬ್ಯಾಗ್ ಹೊತ್ತು ಹೊರಟರೆ ಆಗ 20ರಿಂದ 40% ಕಾರ್ಬನ್ನಿನ, ಮಿಡ್ ಬೋ (ಬಾಗು ಲೋ ಬೋಗಿಂತ ಮೇಲಿರುವ) ಕಾಂಪೊಸಿಟ್, ಅಂದರೆ ನಾರು ಮತ್ತು ರಾಳ ಸೇರಿಸಿ ಮಾಡಿದ ಸ್ಟಿಕ್, ₹2,500–5,000ದೊಳಗೆ. ಇದರಲ್ಲಿ ಚೆಂಡು ತಾಗಿದ್ದು ಕೈಗೆ ತಿಳಿಯುತ್ತದೆ.

ಉಳಿದ ಹಣ ಎಲ್ಲಿ ಹಾಕಬೇಕು? ದುಬಾರಿ ಸ್ಟಿಕ್ ಹಿಡಿದು, ಹಲ್ಲಿಗೆ ಏನೂ ಇಲ್ಲದೆ, ಕಾಲಿಗೆ ಅಣ್ಣನ ಹಳೆಯ ಫುಟ್‌ಬಾಲ್ ಶಿನ್ ಪ್ಯಾಡ್ ಕಟ್ಟಿಕೊಂಡು ಬರುವ ಮಕ್ಕಳು ಕಡಿಮೆಯೇನಿಲ್ಲ. ಹಾಕಿಯ ಶಿನ್ ಗಾರ್ಡ್ ಕಣಕಾಲಿನ ಗಂಟನ್ನೂ ಮುಚ್ಚಬೇಕು. ಮೌತ್ ಗಾರ್ಡನ್ನು ಪ್ಯಾಕೆಟ್ಟಿನಲ್ಲಿ ಹೇಳಿದಷ್ಟು ಹೊತ್ತು ಬಿಸಿನೀರಲ್ಲಿ ಮುಳುಗಿಸಿ ಕಚ್ಚಿಸಿ ಅಚ್ಚು ಮಾಡಿಸಬೇಕು. ಬಾಯಿ ತೆರೆದಾಗ ಕಳಚಿ ಬಿದ್ದರೆ ಮತ್ತೆ ಮಾಡಿಸಿ.

‘ಸೆಲೆಕ್ಷನ್‌ಗೆ ಹೋದಾಗ ಸ್ಟಿಕ್ ನೋಡ್ತಾರೆ’ ಎಂಬ ನಂಬಿಕೆ ಈ ದರ್ಜೆಯ ಅರ್ಧ ವ್ಯಾಪಾರ ನಡೆಸುತ್ತಿದೆ. ಕ್ರೀಡಾ ಹಾಸ್ಟೆಲ್ ಸೀಟು, ಮುಂದೆ ಸ್ಪೋರ್ಟ್ಸ್ ಕೋಟಾದಲ್ಲಿ ಕಾಲೇಜು, ರೈಲ್ವೆ ನೌಕರಿ: ಅಪ್ಪನ ತಲೆಯಲ್ಲಿ ಓಡುವ ಲೆಕ್ಕ ಹುಚ್ಚು ಲೆಕ್ಕವೇನಲ್ಲ. ಆದರೆ ಆರಿಸುವವರ ಕಣ್ಣು ಇರುವುದು ಮೊದಲ ಟಚ್ ಮೇಲೆ, ಚೆಂಡಿಲ್ಲದಾಗ ಹುಡುಗ ಎಲ್ಲಿ ಓಡುತ್ತಾನೆ ಎಂಬುದರ ಮೇಲೆ. ಗ್ರಿಪ್ಪನ್ನು ಹಿಂಡುವ ಕೈ ಅಲ್ಲೇ ಸಿಕ್ಕಿಬೀಳುತ್ತದೆ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಒಂದೇ ಒಕ್ಕದ (ಮನೆತನದ) ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವುದುಂಟು. ಅಲ್ಲಿ ಅಪ್ಪ ಕೂಗುವುದಿಲ್ಲವೆಂದಲ್ಲ. ಆದರೆ ಮೈದಾನದೊಳಗೆ ತಾನೂ ಚೆಂಡು ಬಿಟ್ಟಿರುತ್ತಾನೆ.

ಅಂಕ: ವಯಸ್ಕ ಕ್ಲಬ್ ಆಟಗಾರನಿಗೆ 5ಕ್ಕೆ 4. 14ರೊಳಗಿನವರಿಗೆ 5ಕ್ಕೆ 1, ಆ ಒಂದೂ ಮುಂದೆ ತಮ್ಮನಿಗೋ ಸೆಕೆಂಡ್ ಹ್ಯಾಂಡ್‌ಗೋ ಹೋದೀತೆಂಬ ಲೆಕ್ಕಕ್ಕೆ. ಈಗಾಗಲೇ ಕೊಂಡಿದ್ದರೆ ಬೆಳೆಯುವವರೆಗೆ ಎತ್ತಿಡಿ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಮಾತ್ರ ಬೇಡ, ಕಾವಿಗೆ ರಾಳ ಸಡಿಲುತ್ತದೆ. ಹೊಸದಾಗಿ ಕೊಳ್ಳುವವರು ಗ್ರಿಪ್‌ನ ಬಣ್ಣವನ್ನು ಮಗುವಿಗೇ ಬಿಡಿ. ಗುಲಾಬಿಯೋ ಗಿಳಿಹಸಿರೋ, ಹಳೆಯದನ್ನು ಬಿಚ್ಚಿ, ಮೇಲ್ತುದಿಯಿಂದ ಶುರುಮಾಡಿ ಎಳೆದೆಳೆದು ಸುತ್ತುವ ಕೆಲಸವನ್ನೂ ಅದೇ ಮಾಡಲಿ. ಮೊದಲ ಸಲ ಸೊಟ್ಟಗಾಗುತ್ತದೆ, ಪರವಾಗಿಲ್ಲ, ಬಿಚ್ಚಿ ಸುತ್ತಬಹುದು.