ಬೈತಖೋಲದ ದೋಣಿ ಸಾಮಾನಿನ ಅಂಗಡಿ: ಎಲೆಕ್ಟ್ರೋಕೆಮಿಸ್ಟ್ರಿ ಕಲಿಸುವವರು ಒಮ್ಮೆ ಹೋಗಲೇಬೇಕು

ಸೆಕೆಂಡ್ ಪಿಯು ಎಲೆಕ್ಟ್ರೋಕೆಮಿಸ್ಟ್ರಿ (ರಾಸಾಯನಿಕ ಕ್ರಿಯೆಗೂ ವಿದ್ಯುತ್ತಿಗೂ ಇರುವ ನಂಟು) ಪಾಠಕ್ಕೆ ಸತುವಿನ ಪಟ್ಟಿ ಬೇಕೆಂದು ಹುಬ್ಬಳ್ಳಿಯ ಲ್ಯಾಬ್ ಸಾಮಾನಿನವರಿಗೆ ಆರ್ಡರ್ ಹಾಕಿ ಕಾಯುವ ಲೆಕ್ಚರರ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾರವಾರದ ಸುತ್ತ ಇರುವವರಾದರೆ ಬೈತಖೋಲ ಬಂದರಿನ ಹತ್ತಿರ ಬೋಟಿನವರಿಗೆ ಸಾಮಾನು ಮಾರುವ ಅಂಗಡಿಗೆ ಹೋಗಿ. ಬಲೆ, ಹಗ್ಗ, ಬಣ್ಣದ ಡಬ್ಬಗಳನ್ನು ದಾಟಿ ಒಳಗೆ ಹೋದರೆ ನೆಲದ ಮೇಲೆ ಬೂದು ಬಣ್ಣದ ಸತುವಿನ ಗಟ್ಟಿಗಳು ಸಾಲಾಗಿ ಕೂತಿರುತ್ತವೆ. ಕಬ್ಬಿಣದ ಬೋಟಿನ ಅಡಿಗೆ, ಚುಕ್ಕಾಣಿಗೆ ಬೋಲ್ಟ್ ಹಾಕಿ ಕೂರಿಸುವ ಗಟ್ಟಿಗಳು ಅವು. ಉಪ್ಪುನೀರಿನಲ್ಲಿ ಕಬ್ಬಿಣದ ಬದಲು ಸತುವು ಉತ್ಕರ್ಷಣಗೊಂಡು, ಅಂದರೆ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತದೆ, ಕಬ್ಬಿಣ ಉಳಿಯುತ್ತದೆ. ನಾನು ಇಲ್ಲೇ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುವವಳು. ಈ ಪಾಠದ ಅರ್ಧ ಸಾಮಾನು ನನಗೀಗ ಈ ಅಂಗಡಿಯಿಂದಲೇ ಬರುತ್ತದೆ.

ಕೇಳಿದರೆ ಗಟ್ಟಿಯಿಂದ ತುಂಡು ಕೊಯ್ದು ಕೊಡುತ್ತಾರೆ. ಬೋಟಿನ ಸತುವು ಶುದ್ಧ ಸತುವಲ್ಲ, ಚೂರು ಅಲ್ಯೂಮಿನಿಯಂ, ಅದಕ್ಕಿಂತ ಕಡಿಮೆ ಕ್ಯಾಡ್ಮಿಯಂ ಬೆರೆಸಿರುತ್ತಾರೆ. ಹಾಗಾಗಿ ಮಕ್ಕಳಿಂದ ಉಜ್ಜಿಸುವಾಗ ಎಮರಿ ಕಾಗದವನ್ನು ಒದ್ದೆ ಮಾಡಿ ಕೊಡಿ, ಧೂಳು ಏಳಬಾರದು, ಆಮೇಲೆ ಕೈ ತೊಳೆಸಿ. ಪಾಠದ ಸತುವು-ತಾಮ್ರದ ಸೆಲ್ಲಿಗೆ ಮಾತ್ರ ಈ ಬೆರಕೆಯಿಂದ ಏನೂ ಬಾಧೆಯಿಲ್ಲ. ಒಂದು ಮೋಲಾರ್ (ಲೀಟರಿಗೆ ಒಂದು ಮೋಲ್) ಜಿಂಕ್ ಸಲ್ಫೇಟಿನಲ್ಲಿ ಈ ತುಂಡು, ಒಂದು ಮೋಲಾರ್ ಕಾಪರ್ ಸಲ್ಫೇಟಿನಲ್ಲಿ ಅದೇ ಅಂಗಡಿಯ ತಾಮ್ರದ ಪಟ್ಟಿ, ನಡುವೆ ಪೊಟ್ಯಾಶಿಯಂ ನೈಟ್ರೇಟಿನಲ್ಲಿ ನೆನೆಸಿದ ಫಿಲ್ಟರ್ ಪೇಪರ್ ಇಟ್ಟಾಗ ಮೀಟರ್ 1.08 ವೋಲ್ಟ್ ತೋರಿಸಿತು. ಪುಸ್ತಕದ ಲೆಕ್ಕ 1.10.

ಆ ಮೀಟರ್ ಕೂಡ ಇಲ್ಲಿಯದೇ. ಎಲೆಕ್ಟ್ರಿಷಿಯನ್‌ಗಳು ಕೊಳ್ಳುವ ಅಗ್ಗದ ಡಿಜಿಟಲ್ ಮಲ್ಟಿಮೀಟರ್ ಸಾಕು. ಲ್ಯಾಬಿನ ಹಳೆಯ ಮುಳ್ಳಿನ ವೋಲ್ಟ್‌ಮೀಟರು ಸೆಲ್ಲಿನಿಂದ ಕರೆಂಟು ಎಳೆದುಕೊಂಡು ಕಡಿಮೆ ತೋರಿಸುತ್ತದೆ. ಈ ಡಿಜಿಟಲ್ ಮೀಟರು ಹೆಚ್ಚುಕಡಿಮೆ ಏನನ್ನೂ ಎಳೆಯುವುದಿಲ್ಲ. ಕೆಂಪು ವೈರನ್ನು ತಾಮ್ರಕ್ಕೆ ಹಿಡಿದರೆ ಪ್ಲಸ್, ಸತುವಿಗೆ ಹಿಡಿದರೆ ಮೈನಸ್. ಪುಸ್ತಕದ ಲೆಕ್ಕದಲ್ಲಿ ಕ್ಯಾಥೋಡಿನ (ತಾಮ್ರದ) ಪೊಟೆನ್ಷಿಯಲ್ 0.34ರಿಂದ ಆನೋಡಿನ (ಸತುವಿನ) ಮೈನಸ್ 0.76 ಕಳೆಯುವ ಜಾಗದಲ್ಲಿ ಚಿಹ್ನೆ ತಪ್ಪಿ 0.42 ಬರೆಯುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಪರದೆಯ ಮೇಲೆ 1.08 ಕಂಡ ಮೇಲೆ ಅವರೇ ವಾಪಸ್ ಹೋಗಿ ಲೆಕ್ಕ ತಿದ್ದಿಕೊಳ್ಳುತ್ತಾರೆ. ಸಣ್ಣ ತುಂಡು ತೆಗೆದು ಅಂಗೈ ಅಗಲದ್ದನ್ನು ಮುಳುಗಿಸಿ ತೋರಿಸಿ, ವೋಲ್ಟೇಜು ಅಷ್ಟೇ ಇರುತ್ತದೆ. ಸಮೀಕರಣವನ್ನು ಎರಡರಿಂದ ಗುಣಿಸಿದಾಗ ಪೊಟೆನ್ಷಿಯಲ್ಲನ್ನು ಯಾಕೆ ಗುಣಿಸಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ನರ್ನ್‌ಸ್ಟ್ ಸಮೀಕರಣದ (ದ್ರಾವಣದ ಸಾಂದ್ರತೆಗೆ ತಕ್ಕಂತೆ ವೋಲ್ಟೇಜು ಹೇಳುವ ಸೂತ್ರ) ವಿಷಯದಲ್ಲಿ ಒಂದು ಮಾತು. ಕಾಪರ್ ಸಲ್ಫೇಟನ್ನು ನೂರು ಪಟ್ಟು ತೆಳು ಮಾಡಿದರೆ 0.059 ವೋಲ್ಟ್ ಇಳಿಯಬೇಕು ಎನ್ನುತ್ತದೆ ಲೆಕ್ಕ. ಮೀಟರಿನಲ್ಲಿ ಇಳಿಯುವುದು ಸುಮಾರು ಅದರ ಅರ್ಧ. ಕಾರವಾರದ 30 ಡಿಗ್ರಿ ಸೆಕೆಗೆ ಸೂತ್ರದಲ್ಲಿ 25 ಡಿಗ್ರಿಯ 0.0591ರ ಬದಲು 0.0601 ಹಾಕಿದರೂ ಈ ಅಂತರ ಮುಚ್ಚುವುದಿಲ್ಲ. ಗಾಢ ದ್ರಾವಣದಲ್ಲಿ ಅಯಾನುಗಳು (ಚಾರ್ಜು ಹೊತ್ತ ಕಣಗಳು) ಒಂದನ್ನೊಂದು ಹಿಡಿದಿರುತ್ತವೆ, ನಾವು ಕರಗಿಸಿದಷ್ಟೂ ಕೆಲಸಕ್ಕೆ ಬರುವುದಿಲ್ಲ. ದಯವಿಟ್ಟು ರೀಡಿಂಗ್ ತಿದ್ದಿ ಬರೆಯಿಸಬೇಡಿ. ಕಂಡದ್ದನ್ನೇ ಬರೆಯಲಿ, ಯಾಕೆ ಹೀಗೆ ಎಂದು ಕೇಳಲಿ.

ಇಷ್ಟಕ್ಕೇ ಆಗಿದ್ದರೆ ಬೇರೆ ಅಂಗಡಿಯೂ ಸಾಕಿತ್ತು. ಬೇರೆಲ್ಲೂ ಸಿಗದ್ದೆಂದರೆ ಇಲ್ಲಿನ ತೂಕದ ಯಂತ್ರದ ಪಕ್ಕ ಬಿದ್ದಿರುವ ಹಳೆಯ ಗಟ್ಟಿಗಳು. ಆಗಸ್ಟಿನಿಂದ ಮೇವರೆಗೆ ಸಮುದ್ರದಲ್ಲಿದ್ದು ಗುಳಿ ಬಿದ್ದು ಸವೆದವನ್ನು ಬೋಟಿನವರು ಬಿಚ್ಚಿ ತರುತ್ತಾರೆ. ಹೊಸದನ್ನೂ ಹಳೆಯದನ್ನೂ ತೂಗಿ ನೋಡಲು ಅಂಗಡಿಯವರು ಬೇಡ ಎಂದದ್ದಿಲ್ಲ. ಒಂದು ಗಟ್ಟಿ 400 ಗ್ರಾಂ ಕರಗಿದೆ ಎನ್ನಿ. ಸತುವಿನ ಒಂದು ಮೋಲಿನ ತೂಕ 65.4ರಿಂದ ಭಾಗಿಸಿದರೆ 6.12 ಮೋಲ್, ಒಂದೊಂದು ಪರಮಾಣು ಬಿಟ್ಟುಕೊಟ್ಟದ್ದು ಎರಡೆರಡು ಎಲೆಕ್ಟ್ರಾನ್, ಫ್ಯಾರಡೆ ಸ್ಥಿರಾಂಕ (ಒಂದು ಮೋಲ್ ಎಲೆಕ್ಟ್ರಾನಿನ ಚಾರ್ಜು) 96,487ರಿಂದ ಗುಣಿಸಿದರೆ ಸುಮಾರು 11 ಲಕ್ಷ 80 ಸಾವಿರ ಕೂಲಂಬ್. ಆಗಸ್ಟ್ 1ರಿಂದ ಮೇ 31ಕ್ಕೆ 304 ದಿನ. ಸೆಕೆಂಡು ಮಾಡಿ ಭಾಗಿಸಿದರೆ ಸರಾಸರಿ 45 ಮಿಲಿಆಂಪಿಯರ್ ಬರುತ್ತದೆ. ಸತುವಿನಲ್ಲಿ ಒಂದು ಪಾಲು ಕಬ್ಬಿಣಕ್ಕೆ ಉಪಯೋಗವಾಗದೆ ತನ್ನಷ್ಟಕ್ಕೇ ಕರಗುವುದರಿಂದ ನಿಜವಾದ ಕರೆಂಟು ಸ್ವಲ್ಪ ಕಡಿಮೆ. ಮನೆಯಲ್ಲಿ ಬೋಟಿರುವ ಹುಡುಗರು ಈ ಲೆಕ್ಕಕ್ಕೆ ಕೂತಾಗ ಕ್ಲಾಸೇ ಬೇರೆಯಾಗುತ್ತದೆ. ಮುಂದಿನ ಸೀಸನ್ನಿಗೆ ಎಷ್ಟು ಕಿಲೋ ಕಟ್ಟಬೇಕು ಎಂದು ಅಪ್ಪನಿಗೆ ಹೇಳಲು ಹೊರಟ ಹುಡುಗನಿಗೆ ಫ್ಯಾರಡೆ ನಿಯಮವನ್ನು (ಹರಿದ ಚಾರ್ಜಿಗೆ ತಕ್ಕಷ್ಟು ಲೋಹ ಕರಗುತ್ತದೆ ಎಂಬುದನ್ನು) ನಾನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಒಂದು ಬಕೆಟ್ ಸಮುದ್ರದ ನೀರಿನಲ್ಲಿ ಸತುವಿನ ತುಂಡನ್ನೂ ಉಜ್ಜಿದ ಕಬ್ಬಿಣದ ಪಟ್ಟಿಯನ್ನೂ ಇಳಿಸಿ ನೋಡಿ. ಪುಸ್ತಕದ ಪೊಟೆನ್ಷಿಯಲ್ ಕೋಷ್ಟಕದಿಂದ ಕಬ್ಬಿಣದ ಮೈನಸ್ 0.44 ಮತ್ತು ಸತುವಿನ ಮೈನಸ್ 0.76 ಹಿಡಿದು ಮಕ್ಕಳು 0.32 ಎನ್ನುತ್ತಾರೆ, ನಮ್ಮ ಮೀಟರ್ 0.4ರ ಆಸುಪಾಸು ತೋರಿಸಿತು. ಕೋಷ್ಟಕದ ಸಂಖ್ಯೆಗಳು ತನ್ನದೇ ಅಯಾನಿನ ಒಂದು ಮೋಲಾರ್ ದ್ರಾವಣದಲ್ಲಿ ನಿಂತ ಲೋಹದವು. ಸಮುದ್ರದಲ್ಲಿ ಅಷ್ಟು ಕಬ್ಬಿಣವೂ ಇಲ್ಲ, ಸತುವೂ ಇಲ್ಲ. ಅಲ್ಲಿ ಎಲೆಕ್ಟ್ರಾನ್ ಪಡೆದು ಅಪಕರ್ಷಣಗೊಳ್ಳುವುದು ನೀರಿನಲ್ಲಿ ಕರಗಿದ ಆಮ್ಲಜನಕ.

ಸತುವು ಕೊಳ್ಳುವ ಪ್ರತಿಯೊಬ್ಬರಿಗೂ ಅಂಗಡಿಯವರು ಕೊಂಕಣಿಯಲ್ಲಿ ಒಂದು ಮಾತು ಹೇಳಿ ಕಳಿಸುತ್ತಾರೆ: ಇದರ ಮೇಲೆ ಬಣ್ಣ ಬಳಿಯಬೇಡಿ. ಬಣ್ಣ ಬಳಿದರೆ ಅಯಾನು ನೀರಿಗಿಳಿಯುವ ದಾರಿಯೇ ಮುಚ್ಚುತ್ತದೆ. ಇಂಗ್ಲಿಷ್ ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆ ಉಳಿಸಲು, ಬೇಗ ಕರಗುವ ಇನ್ನೊಂದು ಲೋಹವನ್ನು ಕಟ್ಟುವ ಇದೇ ಉಪಾಯ ಹೂಡಿದ. ತಾಮ್ರ ಉಳಿಯಿತು. ಆದರೆ ಕರಗುವ ತಾಮ್ರದ ವಿಷ ಇಲ್ಲವಾದ ಮೇಲೆ ಹಡಗಿನ ತಳಕ್ಕೆ ಚಿಪ್ಪುಹುಳ ಹತ್ತಿಕೊಂಡವು.

ಇನ್ನು ಕೊರತೆಗಳು. ತಾಮ್ರದ ಪೆಟ್ಟಿಗೆಯಲ್ಲಿ ಹಿತ್ತಾಳೆ ಬೆರೆತಿರುತ್ತದೆ, ಅಲ್ಲೇ ಉಜ್ಜಿ ಬಣ್ಣ ನೋಡಿ ಆರಿಸಿ. ಸತುವಿನ ತಗಡು ಎಂದು ಜಿಐ ತಗಡು ತೋರಿಸಿದರೆ ಬೇಡ ಅನ್ನಿ, ಅದು ತೆಳು ಸತುವು ಹೊದ್ದ ಕಬ್ಬಿಣ, ಕತ್ತರಿಸಿದ ಅಂಚಿನಲ್ಲಿ ಬಯಲಾಗುತ್ತದೆ. ಗಟ್ಟಿಯೊಳಗೆ ಎರಕ ಹೊಯ್ದ ಕಬ್ಬಿಣದ ಪಟ್ಟಿಯನ್ನೂ ಸೇರಿಸಿಯೇ ತೂಗಿ ದರ ಹಾಕುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ, ಹೇಳಿಯೂ ಇದ್ದೇನೆ. ಬಿಲ್ಲು ಕೇಳಿದರಷ್ಟೇ ಕೊಡುತ್ತಾರೆ, ಕಾಲೇಜಿನ ಲೆಕ್ಕಕ್ಕೆ ಬೇಕಿದ್ದರೆ ಮೊದಲೇ ಹೇಳಿ.

ಕಾಪರ್ ಸಲ್ಫೇಟ್ ಇಲ್ಲಿ ಸಿಗುವುದಿಲ್ಲ. ಶಿರಸಿ ಕಡೆ ಹೋಗುವವರಿದ್ದರೆ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ಮಾರುವ ಮೈಲುತುತ್ತ ತರಿಸಿ, ತರಗತಿಗೆ ಅದೇ ಸಾಕು. ಲೀಟರಿಗೆ 250 ಗ್ರಾಂ ಕರಗಿಸಿದರೆ ಒಂದು ಮೋಲಾರ್. ಮುಗಿದ ಮೇಲೆ ಚರಂಡಿಗೆ ಸುರಿಯಬೇಡಿ, ಮೀನಿಗೆ ವಿಷ. ಹಳೆಯ ಮೊಳೆಗಳನ್ನು ಹಾಕಿ ನೀಲಿ ಪೂರ್ತಿ ಹೋಗುವವರೆಗೆ ಇಡಿ, ತಾಮ್ರ ಮೊಳೆಯ ಮೇಲೆ ಕೂರುವುದನ್ನು ಮಕ್ಕಳೂ ನೋಡಲಿ.

ಹೋಗುವುದಾದರೆ ಜೂನ್ ಮೊದಲ ವಾರ ಹೋಗಿ. 61 ದಿನಗಳ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟುಗಳು ದಡಕ್ಕೆ ಬಂದಿರುತ್ತವೆ, ಸವೆದ ಗಟ್ಟಿಗಳು ಆಗ ಬೇಕಾದಷ್ಟು. ಜುಲೈ ಕೊನೆಗೆ ಹೋದರೆ ಬೋಟಿನವರ ಗದ್ದಲದಲ್ಲಿ ತುಂಡು ಕೊಯ್ದು ಕೊಡಲು ಯಾರಿಗೂ ಪುರುಸೊತ್ತಿರುವುದಿಲ್ಲ.