ಫೈಂಡ್: ಎಲ್ಲಿ ಹುಡುಕಬೇಕೆಂದು ಮೊದಲು ಕೇಳುವ ಕಮಾಂಡ್

ದಾವಣಗೆರೆಯ ಮಂಡಿಪೇಟೆಯ ಸಮೀಪವಿರುವ ನಮ್ಮ ಮುದ್ರಣಾಲಯದ ಉಬುಂಟು (ಒಂದು ಬಗೆಯ ಲಿನಕ್ಸ್) ಕಂಪ್ಯೂಟರಿನಲ್ಲಿ 11 ವರ್ಷಗಳ ಲಗ್ನಪತ್ರಿಕೆ, ಬಿಲ್ ಬುಕ್ಕು, ಹೋಟೆಲಿನ ದರಪಟ್ಟಿಗಳೆಲ್ಲ ‘ಕೆಲಸ’ ಎಂಬ ಡೈರೆಕ್ಟರಿಯೊಳಗೆ ವರ್ಷವಾರು ತುಂಬಿಕೊಂಡಿವೆ. "ಹೋದ್ಸಲ ಮಾಡಿಕೊಟ್ಟಿದ್ರಲ್ಲ ಅಣ್ಣಾ, ಅದನ್ನೇ ತೆಗೀರಿ" ಎಂದು ದಲಾಲಿ ಅಂಗಡಿಯವರು ಎದುರಿಗೆ ಬಂದು ನಿಂತಾಗ ಫೋಲ್ಡರುಗಳನ್ನು ಒಂದೊಂದಾಗಿ ತೆರೆಯುತ್ತಾ ಕೂರುವುದು ಸಾಧ್ಯವಿಲ್ಲವಾದ್ದರಿಂದ, ನಾಲ್ಕು ವರ್ಷಗಳಿಂದ ನಾನು ಟರ್ಮಿನಲ್ಲಿನ, ಅಂದರೆ ಆದೇಶಗಳನ್ನು ಟೈಪಿಸುವ ಕಿಟಕಿಯ, ಫೈಲು ಹುಡುಕುವ ಫೈಂಡ್ ಕಮಾಂಡನ್ನೇ ನೆಚ್ಚಿಕೊಂಡಿದ್ದೇನೆ.

1974ರಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಐದನೆಯ ಆವೃತ್ತಿಯಲ್ಲಿ ಕಾಣಿಸಿಕೊಂಡ, ಡಿಕ್ ಹೈಟ್ ಬರೆದ ಈ ಸಾಧನವನ್ನು ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯವರು ಮತ್ತೆ ಬರೆದ ರೂಪ ನಮ್ಮಲ್ಲಿದೆ. ಇದರ ವ್ಯಾಕರಣದಲ್ಲಿ ಜಾಗ ಮೊದಲು, ಷರತ್ತು ಆಮೇಲೆ. ‘ಫೈಂಡ್ ಕೆಲಸ/2022 -ನೇಮ್ "*ಬಿಲ್*"’ ಎಂದರೆ ಹೆಸರಿನಲ್ಲಿ ಎಲ್ಲಾದರೂ ‘ಬಿಲ್’ ಇರುವ ಫೈಲುಗಳಿಗಾಗಿ (ನಕ್ಷತ್ರವೆಂದರೆ ಅಲ್ಲಿ ಏನಿದ್ದರೂ ಸರಿ) ಆ ಒಂದು ವರ್ಷದ ಡೈರೆಕ್ಟರಿಯನ್ನೂ ಅದರ ಒಳಗಿನವನ್ನೂ ಮಾತ್ರ ಜಾಲಾಡುತ್ತದೆ. ಡಿಸ್ಕಿನ ಉಳಿದ ಭಾಗದ ಗೊಡವೆಗೆ ಹೋಗುವುದಿಲ್ಲ. ಉದ್ಧರಣ ಚಿಹ್ನೆ ಮರೆತರೆ, ನಾವು ನಿಂತಿರುವ ಡೈರೆಕ್ಟರಿಯಲ್ಲಿ ಹೊಂದುವ ಫೈಲುಗಳಿದ್ದಾಗ ಶೆಲ್ (ನಾವು ಟೈಪಿಸಿದ ಸಾಲನ್ನು ಓದಿ ಕಮಾಂಡಿಗೆ ಒಪ್ಪಿಸುವ ಪ್ರೋಗ್ರಾಂ) ಆ ನಕ್ಷತ್ರವನ್ನು ಮೊದಲೇ ಅವುಗಳ ಹೆಸರುಗಳಾಗಿ ಬಿಡಿಸಿಬಿಡುತ್ತದೆ. ಆಗ ಬರುವ ತಪ್ಪು ಸಂದೇಶವನ್ನು ಓದಿದರೆ ಎಲ್ಲಿ ಎಡವಿದೆವೆಂಬುದು ಸುಲಭಕ್ಕೆ ಹೊಳೆಯುವುದಿಲ್ಲ.

ಕನ್ನಡದ ಹೆಸರಿಟ್ಟ ಫೈಲುಗಳ ವಿಷಯದಲ್ಲಿ ನನಗೆ ವಿಚಿತ್ರ ಅನುಭವವೊಂದಾಯಿತು. ಹಳೆಯ ಮ್ಯಾಕ್ ಒಂದರಿಂದ ನಕಲು ಮಾಡಿಕೊಂಡ ಡೈರೆಕ್ಟರಿಯಲ್ಲಿ ‘ಕೊಟೇಶನ್’ ಎಂಬ ಫೈಲು ಕಣ್ಣಿಗೆ ಕಾಣುತ್ತಿದ್ದರೂ ಫೈಂಡ್ ಅದನ್ನು ಇಲ್ಲವೆನ್ನುತ್ತಿತ್ತು. ಅಕ್ಷರಗಳಿಗೆ ಸಂಕೇತಗಳನ್ನು ಕೊಡುವ ಯುನಿಕೋಡಿನಲ್ಲಿ ‘ಕೊ’ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು; ‘ಟೇ’ಯ ಏಕಾರವನ್ನೂ ಹೀಗೆಯೇ ಎರಡು ಬಗೆಯಲ್ಲಿ ಬರೆಯಬಹುದು. ಹಳೆಯ ಮ್ಯಾಕಿನ ಫೈಲ್ ವ್ಯವಸ್ಥೆ ಹೆಸರುಗಳನ್ನು ಎರಡನೆಯ ಬಗೆಯಲ್ಲಿ ಬಿಡಿಸಿಡುತ್ತಿತ್ತು, ನನ್ನ ಕೀಲಿಮಣೆ ಮೊದಲನೆಯದನ್ನು ಕೊಡುತ್ತಿತ್ತು. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ; ಫೈಂಡ್ ನೋಡುವುದು ಮಾತ್ರ ಸಂಕೇತಗಳನ್ನು. ‘ಕ*ಟ*ಶನ್*’ ಎಂದು ಆ ಎರಡೂ ಗುಣಿತಗಳ ಜಾಗದಲ್ಲಿ ನಕ್ಷತ್ರವಿಟ್ಟಾಗ ಫೈಲು ಸಿಕ್ಕಿತು. ಅಂದಿನಿಂದ ಒತ್ತು, ಗುಣಿತಗಳ ಬಗ್ಗೆ ಅನುಮಾನವಿದ್ದಲ್ಲೆಲ್ಲ ಹೀಗೆಯೇ ಮಾಡುತ್ತೇನೆ.

ಹೆಸರು ನೆನಪಿಲ್ಲದೆ ಒಳಗಿನ ಮಾತು ಮಾತ್ರ ನೆನಪಿದ್ದರೆ ಫೈಲಿನ ಒಳಗಿನ ಪಠ್ಯದಲ್ಲಿ ಹುಡುಕುವ ಗ್ರೆಪ್ ಎಂಬ ಕಮಾಂಡ್ ಬೇಕು. ಆದರೆ ‘ನುಡಿ’ ತಂತ್ರಾಂಶದ ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪಠ್ಯವು ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲದ್ದರಿಂದಲೂ, ಲಿಬ್ರೆ ಆಫೀಸಿನ ಫೈಲು ಒಳಗೆ ಜಿಪ್ ಆಗಿ ಒತ್ತಿಟ್ಟಿರುವುದರಿಂದಲೂ ನಮ್ಮಂಥ ಡಿಟಿಪಿಯವರಿಗೆ ಅದರಿಂದ ಅರ್ಧದಷ್ಟು ಪ್ರಯೋಜನವೂ ಇಲ್ಲ. ಹೆಸರಿನಿಂದ ಹುಡುಕುವ ಇನ್ನೊಂದು ಕಮಾಂಡಾದ ಲೊಕೇಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರಿಸುತ್ತದೆ, ನಿಜ. ಆದರೆ ಅದು ನೋಡುವುದು ಸಾಮಾನ್ಯವಾಗಿ ದಿನಕ್ಕೊಮ್ಮೆ ಸಿದ್ಧವಾಗುವ ಪಟ್ಟಿಯನ್ನಾದ್ದರಿಂದ ಬೆಳಿಗ್ಗೆ ಉಳಿಸಿದ ಪ್ರೂಫು ಸಂಜೆಯಾದರೂ ಅದರ ಗಮನಕ್ಕೆ ಬಂದಿರುವುದಿಲ್ಲ.

ದೂರುಗಳೂ ಇವೆ. ಫೈಲು ಕೊನೆಯ ಸಲ ಬದಲಾದ ಸಮಯವನ್ನು ನೋಡುವ ಷರತ್ತಾದ ‘-ಎಂಟೈಮ್ +1’ ಎಂದರೆ ಒಂದು ದಿನಕ್ಕಿಂತ ಹಳೆಯವು ಎಂದು ನಾನು ಭಾವಿಸಿದ್ದೆ. ಅದು 24 ಗಂಟೆಗಳ ಪೂರ್ತಿ ದಿನಗಳನ್ನಷ್ಟೇ ಎಣಿಸಿ ಚಿಲ್ಲರೆಯನ್ನು ಬಿಟ್ಟುಬಿಡುವುದರಿಂದ, ಬದಲಾಗಿ 40 ಗಂಟೆಯಾದ ಫೈಲು ಆ ಪಟ್ಟಿಗೆ ಸೇರುವುದಿಲ್ಲ, 48 ಗಂಟೆ ತುಂಬಬೇಕು. ಇದಕ್ಕಿಂತ ಅಪಾಯಕಾರಿಯಾದದ್ದು ಸಿಕ್ಕಿದ್ದನ್ನು ಅಳಿಸುವ ‘-ಡಿಲೀಟ್’. ಫೈಂಡ್ ಷರತ್ತುಗಳನ್ನು ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತದೆ. ‘-ನೇಮ್’ಗಿಂತ ಮೊದಲು ‘-ಡಿಲೀಟ್’ ಬಂದರೆ ಹೆಸರನ್ನು ನೋಡುವ ಮುನ್ನವೇ ಎಲ್ಲವನ್ನೂ ಅಳಿಸುತ್ತದೆ. ಲಗ್ನದ ಸೀಸನ್ನಿನ ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಹಾಗೆ ಬರೆದು ‘ಮಾದರಿ’ ಡೈರೆಕ್ಟರಿಯನ್ನು ಪೂರ್ತಿ ಕಳೆದುಕೊಂಡೆ. ಅದು "ಖಚಿತವೇ?" ಎಂದು ಒಂದು ಮಾತೂ ಕೇಳಲಿಲ್ಲ, ಕಸದ ಬುಟ್ಟಿಯಲ್ಲೂ ಏನೂ ಉಳಿದಿರಲಿಲ್ಲ. ಹೊರಗಿನ ಡಿಸ್ಕಿನಲ್ಲಿ ಹದಿನೈದು ದಿನ ಹಳೆಯ ಪ್ರತಿ ಇದ್ದುದರಿಂದ ಬಚಾವಾದೆ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದನ್ನು ಕಡಿತ ಮಾಡಿದ್ದು ಆ ರಾತ್ರಿಯ ಲೆಕ್ಕಕ್ಕೆ. ಈಗ ಅಳಿಸುವುದಿದ್ದಾಗ ಮೊದಲು ಬರೀ ಪಟ್ಟಿಯನ್ನು ತರಿಸಿ ಓದಿ, ಮೇಲ್ಬಾಣದ ಕೀಲಿಯೊತ್ತಿ ಅದೇ ಸಾಲನ್ನು ಮರಳಿ ಪಡೆದು, ಕಟ್ಟಕಡೆಗೆ ‘-ಡಿಲೀಟ್’ ಸೇರಿಸುತ್ತೇನೆ.