ಎತ್ತರ ಹೊಂದಿಸುವ ಅಲ್ಯೂಮಿನಿಯಂ ಊರುಗೋಲು: ಅಪ್ಪ ಅಮ್ಮನಿಗೆ ಕೊಡಿಸುವ ಮುನ್ನ

ಊರುಗೋಲು ತಂದುಕೊಟ್ಟರೂ ಹಿರಿಯರು ಮುಟ್ಟುವುದಿಲ್ಲ ಎಂಬ ದೂರು ಸಾಮಾನ್ಯ. ಅದನ್ನು ಹಟವೆನ್ನುವ ಮೊದಲು ಕೋಲಿನ ಅಳತೆ ನೋಡಿ. ಗಿಡ್ಡವಾದರೆ ಬೆನ್ನು ಬಾಗುತ್ತದೆ, ಉದ್ದವಾದರೆ ಭುಜ ಮೇಲೇರಿ ಮಣಿಕಟ್ಟು ನೋಯುತ್ತದೆ. ಇರುವುದಕ್ಕಿಂತ ಹೆಚ್ಚು ಮುಪ್ಪು ಕಾಣಿಸುವ ಕೋಲನ್ನು ಯಾರು ತಾನೇ ಇಷ್ಟಪಟ್ಟು ಹಿಡಿದಾರು?

ಗುಂಡಿ ಒತ್ತಿ ಎತ್ತರ ಬದಲಿಸುವ ಅಲ್ಯೂಮಿನಿಯಂ ಕೋಲು ಈ ಕಾರಣಕ್ಕೇ ನಮ್ಮ ಮೊದಲ ಆಯ್ಕೆ. ರಂಧ್ರಗಳ ನಡುವೆ ಸಾಮಾನ್ಯವಾಗಿ 2.5 ಸೆಂ.ಮೀ. ಅಂತರವಿರುತ್ತದೆ. ದಿನವೂ ಹಾಕುವ ಚಪ್ಪಲಿ ತೊಟ್ಟು, ಕೈ ಸಡಿಲ ಬಿಟ್ಟು ಅವರು ನೆಟ್ಟಗೆ ನಿಲ್ಲಲಿ. ಹಿಡಿಕೆಯ ಮೇಲ್ಭಾಗ ಮಣಿಕಟ್ಟಿನ ಗೆರೆಗೆ ಬರಬೇಕು. ಹಿಡಿದಾಗ ಮೊಣಕೈ 15ರಿಂದ 20 ಡಿಗ್ರಿ ಬಾಗಿದ್ದರೆ ಸರಿ. ಗುಂಡಿ ರಂಧ್ರದಿಂದ ಪೂರ್ತಿ ಹೊರಬಂದಿದೆಯೇ ನೋಡಿ, ತಿರುಪಿನ ಬಳೆಯನ್ನು ಬಿಗಿ ಮಾಡಿ. ಅದು ಸಡಿಲವಿದ್ದರೆ ಹೆಜ್ಜೆಹೆಜ್ಜೆಗೂ ಟಕಟಕ ಸದ್ದು. ನಾಲ್ಕು ಜನರ ನಡುವೆ ಅದು ಹಿಡಿದವರಿಗೆ ನಿಜಕ್ಕೂ ಮುಜುಗರ.

ಕೊಕ್ಕೆಯಂಥ ಹಿಡಿಕೆಯನ್ನು ತೋಳಿಗೆ ನೇತುಹಾಕಬಹುದು, ಆದರೆ ಭಾರವೆಲ್ಲ ಅಂಗೈಯ ಒಂದೇ ಕಡೆ ಬೀಳುತ್ತದೆ. ಸಂಧಿವಾತವಿದ್ದರೆ ಅಂಗೈ ತುಂಬ ಕೂರುವ ಅಗಲ ಹಿಡಿಕೆ ಒಳ್ಳೆಯದು. ಅದು ಎಡಗೈ, ಬಲಗೈಗೆ ಬೇರೆಬೇರೆ ಸಿಗುತ್ತದೆ. ಮಡಚುವ ಕೋಲು ಚೀಲದಲ್ಲಿ ಅಡಗುವುದರಿಂದ ಸಂಕೋಚದವರಿಗೆ ಹಿಡಿಸುತ್ತದೆ; ಕೀಲುಗಳು ಸಡಿಲವಾದರೆ ಮಾತ್ರ ನಂಬುವಂತಿಲ್ಲ. ನಾಲ್ಕು ಕಾಲಿನದು ನಾಲ್ಕೂ ನೆಲಕ್ಕೆ ತಾಗಿದಾಗಷ್ಟೇ ಭದ್ರ. ಏರುತಗ್ಗಿನಲ್ಲಿ ಓಲಾಡುತ್ತದೆ.

ಆಯ್ಕೆ ಅವರದೇ ಆಗಲಿ, ಬಣ್ಣವೂ ಸೇರಿ. ಅಂಗಡಿಯವರು ಮಕ್ಕಳನ್ನು ಕೇಳಿದರೆ ಮಾತನ್ನು ಹಿರಿಯರ ಕಡೆಗೇ ತಿರುಗಿಸಿ.

ಕೋಲು ಇರಬೇಕಾದದ್ದು ನೋವಿರುವ ಕಾಲಿನ ಎದುರುಬದಿಯ ಕೈಯಲ್ಲಿ. ಇಲ್ಲಿ ತಪ್ಪುವವರೇ ಹೆಚ್ಚು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಆಮೇಲೆ ಕೋಲು ಮತ್ತು ನೋವಿನ ಕಾಲು. ಇಳಿಯುವಾಗ ಕೋಲು, ನೋವಿನ ಕಾಲು, ಕೊನೆಗೆ ಗಟ್ಟಿ ಕಾಲು. ಜೊತೆಗೆ ನಡೆಯುವವರು ಇನ್ನೊಂದು ತೋಳನ್ನು ಹಿಡಿದೆಳೆಯಬಾರದು. ಅವರ ತೂಕದ ಲಯ ತಪ್ಪುತ್ತದೆ, ನಡಿಗೆಯ ವೇಗವೂ ಅವರ ಕೈತಪ್ಪುತ್ತದೆ.

ಕೂತಾಗ ಕೋಲನ್ನು ಎತ್ತಿ ಮೂಲೆಗಿಡುವ ಅಭ್ಯಾಸವಂತೂ ಬೇಡವೇ ಬೇಡ. ಏಳಬೇಕೆಂದಾಗಲೆಲ್ಲ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ. ಮೇಜಿನ ಅಂಚಿಗೆ ಕೋಲು ನಿಲ್ಲಿಸುವ ಕ್ಲಿಪ್ ಕೊಂಡರೆ ಅದು ಕೈಗೆಟುಕುವಲ್ಲೇ ಇರುತ್ತದೆ.

ತುದಿಯ ರಬ್ಬರಿನ ಗೆರೆಗಳು ಸವೆದರೆ ಒದ್ದೆ ನೆಲದಲ್ಲಿ ಜಾರುತ್ತದೆ, ತಡಮಾಡದೆ ಬದಲಿಸಿ. ಹೊಸದನ್ನು ಕೊಳ್ಳುವಾಗ ಕೊಳವೆಯ ವ್ಯಾಸ ಅಳೆದುಕೊಂಡು ಹೋಗಿ. ಒಂಟಿ ಕೋಲು ಮೈಭಾರದ ಸುಮಾರು ಕಾಲು ಭಾಗವನ್ನಷ್ಟೇ ಹೊರಬಲ್ಲದು. ಅದಕ್ಕಿಂತ ಹೆಚ್ಚು ಆಸರೆ ಬೇಕಿದ್ದರೆ, ಇಲ್ಲವೇ ಇತ್ತೀಚೆಗೆ ಬಿದ್ದಿದ್ದರೆ, ವಾಕರ್ ಬೇಕೇ ಎಂದು ಫಿಸಿಯೋಥೆರಪಿಸ್ಟ್ ನೋಡಿ ಹೇಳಲಿ.